ಕಾಕಾನ ಅಂಗಡಿಯ ವಿಂಡೋಸ್ 7 (ಹಳೇ ಸಿಸ್ಟಮ್ ಸರಣಿ, ಭಾಗ 5)

(1/4)

ಫೋಟೋ ನೋಡಿ ನಗಬ್ಯಾಡ್ರಿ ದೋಸ್ತ್ರ. ಸೈಡಿನ ತಗಡು ಬಿಚ್ಚಿಟ್ಟು, ಬಾಜೂಕ ಟೇಬಲ್ ಫ್ಯಾನ್ ಹಚ್ಚಿಕೊಂಡು ಕೂತಿರೋ ಈ ಕಂಪ್ಯೂಟರ್ ಸಿಂದಗಿಯೊಳಗ ನಮ್ಮ ಕಾಕಾನ ಝೆರಾಕ್ಸ್ ಅಂಗಡಿದು. 2012ರಾಗ ತಂದದ್ದು. ವಿಂಡೋಸ್ 7, 4 ಜಿಬಿ ರ‍್ಯಾಮ್. ಇವತ್ತಿಗೂ ಲಗ್ನಪತ್ರಿಕೆ, ಜಾತ್ರಿ ಪಾಂಪ್ಲೆಟ್, ಶ್ರದ್ಧಾಂಜಲಿ ಕಾರ್ಡು ಎಲ್ಲಾ ಇದರಾಗs ತಯಾರಾಗೋದು.

ಹೋದ ಸಲದ ಪೋಸ್ಟ್‌ಗೆ ಮುದ್ದೇಬಿಹಾಳದ ಒಬ್ಬಾಕಿ, ಬಸವನ ಬಾಗೇವಾಡಿಯ ಇಬ್ಬರು ಒಂದೇ ಪ್ರಶ್ನೆ ಕೇಳಿದ್ರು: "ಮನ್ಯಾಗ ಇಂಥದೊಂದು ಹಳೇ ಸಿಸ್ಟಮ್ ಅದ, ಗುಜರಿಗೆ ಹಾಕ್ಲೋ, ಇಟ್ಕೊಳ್ಲೋ?"

ಉತ್ತರ ಹೇಳೋಕಿಂತ ಮೊದಲು ನಾ ಮಾಡಿದ ತಪ್ಪು ಹೇಳ್ತೀನಿ. ಇದನ್ನ ಇಲ್ಲಿತನಕ ಬರೆದಿರಲಿಲ್ಲ.

ಕಾಕಾ ಹೊಸ ಸಿಸ್ಟಮ್ ಯಾಕ ತಗೊಳ್ಳಲ್ಲ ಅಂದ್ರ ಬರೇ ರೊಕ್ಕದ ಮಾತಲ್ಲ. ಅವನ ಕೆಲಸ ಎಲ್ಲಾ ಪೇಜ್‌ಮೇಕರ್ 7ರಾಗ, ನುಡಿ ಫಾಂಟ್‌ನಾಗ. ಪೇಜ್‌ಮೇಕರ್‌ನ ಕೊನೇ ಆವೃತ್ತಿ ಬಂದದ್ದು 2001ರಾಗ, ಅದಕ್ಕ ಯೂನಿಕೋಡ್ ಗೊತ್ತೇ ಇಲ್ಲ. ಕನ್ನಡ ಗಣಕ ಪರಿಷತ್ತಿನವರು ಮಾಡಿದ ನುಡಿಯ ಹಳೇ ಫಾಂಟ್‌ಗಳು ಕನ್ನಡ ಅಕ್ಷರದ ತುಣುಕುಗಳನ್ನ ಇಂಗ್ಲಿಷ್ ಅಕ್ಷರದ ಜಾಗದಾಗ ಕೂರಿಸ್ತಾವ. ಫಾಂಟ್ ಇದ್ರ ಚೆಂದನ ಕನ್ನಡ. ಇಲ್ಲಾಂದ್ರ ಇಂಗ್ಲಿಷ್ ಅಕ್ಷರ, ಮ್ಯಾಲೆ ಚುಕ್ಕಿ, ಕೊಂಬು, ಅರ್ಥ ಇಲ್ಲದ ಕಲಸುಮೇಲೋಗರ.

ಈ ಒಂದು ಮಾತು ನನಗ ಆವಾಗ ಗೊತ್ತಿರಲಿಲ್ಲ. ನೆನಪಿಟ್ಕೋರಿ, ಮುಂದ ಬರ್ತದ.

(2/4)

ನಮ್ಮ ಆಯಿ ಬೀಸೋ ಪದ, ಸೋಬಾನ ಪದ ಹಾಡ್ತಿದ್ಲು. ಮಧ್ಯಾಹ್ನ ಗಿರಾಕಿ ಇಲ್ಲದಾಗ ಅಂಗಡಿಗೆ ಬಂದು ಕೂತು ಆಕಿ ಹಾಡೋದು, ಕಾಕಾ ಟೈಪ್ ಮಾಡೋದು. "ತಡಿ ಆಯಿ, ಒಂದ್ ಸಾಲು ಹಿಂದ ಹೋಗು" ಅಂದ್ರ ಆಕಿಗೆ ಆಗ್ತಿರಲಿಲ್ಲ. ಹಿಂದ ಹೋಗಬೇಕಂದ್ರ ಪದ ಮೊದಲಿಂದನೇ ಶುರು ಮಾಡಬೇಕು. ಹಂಗ ನಾಲ್ಕು ವರ್ಷದಾಗ ಅರವತ್ತರ ಮ್ಯಾಲೆ ಪದ ಆಗಿದ್ವು, ಒಂದೊಂದು ಪದ ಒಂದೊಂದು ಫೈಲ್. ಆಯಿ 2019ರಾಗ ತೀರಿಕೊಂಡ್ಲು.

2021ರಾಗ ಲಗ್ನದ ಸೀಸನ್‌ಗೆ ಮೊದಲ ಸಿಸ್ಟಮ್ ಮಂದ ಆತು. ಆನ್ ಆಗಾಕ ಹತ್ತು ನಿಮಿಷ. "ಫಾರ್ಮ್ಯಾಟ್ ಹೊಡಸು ಕಾಕಾ, ಹೊಸದಾಗ್ತದ" ಅಂದಾವ ನಾನೇ. ರಿಪೇರಿ ಮಾಡೋ ಹುಡುಗ ಸರಿಯಾಗಿ ಕೇಳಿದ್ದ, "ಸಿ ಡ್ರೈವ್‌ನ್ಯಾಗ ಏನರೆ ಅದ ಏನು?" "ಇಲ್ಲ, ಎಲ್ಲಾ ಡಿ ಒಳಗ ಅದ" ಅಂದೆ. ಡೆಸ್ಕ್‌ಟಾಪ್ ಮತ್ತ ಮೈ ಡಾಕ್ಯುಮೆಂಟ್ಸ್ ಇರೋದೇ ಸಿ ಡ್ರೈವ್‌ನ್ಯಾಗ ಅಂತ ಆವಾಗ ನನಗ ತಿಳಿದಿರಲಿಲ್ಲ. ಕಾಕಾ ಎಲ್ಲಾ ಇಟ್ಟಿದ್ದು ಡೆಸ್ಕ್‌ಟಾಪ್ ಮ್ಯಾಲೆ.

ಮರುದಿನ ಗೊತ್ತಾತು. ಅಲ್ಲಿತನಕ ಮಾಡಿದ ಒಂದೇ ಶಾಣ್ಯಾ ಕೆಲಸ: ಆ ಮಷಿನ್ ಮುಟ್ಟದೆ ಹಾರ್ಡ್ ಡಿಸ್ಕ್ ಬಿಚ್ಚಿದ್ದು. ಫಾರ್ಮ್ಯಾಟ್ ಆದ ತಕ್ಷಣ ಡೇಟಾ ಪೂರಾ ಅಳಿಯೋದಿಲ್ಲ. ಅದರ ಮ್ಯಾಲೆ ಹೊಸದು ಬರೆದಾಗ ಮಾತ್ರ ಹೋಗ್ತದ. ನಿಮಗೂ ಹಿಂಗಾದ್ರ ಮೊದಲು ಮಷಿನ್ ಬಂದ್ ಮಾಡ್ರಿ, ರಿಕವರಿ ಸಾಫ್ಟ್‌ವೇರ್‌ನ ಅದೇ ಡಿಸ್ಕಿಗೆ ಇನ್‌ಸ್ಟಾಲ್ ಮಾಡಬ್ಯಾಡ್ರಿ. ಕ್ಲಾಸ್‌ಮೇಟ್ ಒಬ್ಬನ ಲ್ಯಾಪ್‌ಟಾಪ್‌ಗೆ ಕೇಬಲ್ ಹಚ್ಚಿ, ಫೋಟೋರೆಕ್ ಅನ್ನೋ ಫ್ರೀ ಸಾಫ್ಟ್‌ವೇರ್ ರಾತ್ರಿಯಿಡೀ ಓಡಿಸಿದ್ವಿ. ಮುಂಜಾನೆ ನೋಡಿದ್ರ ನೂರಾರು ಫೈಲ್. ಹೆಸರಿಲ್ಲ, ಬರೇ ನಂಬರ್.

ತೆಗೆದೆ. ಇಂಗ್ಲಿಷ್ ಕಲಸುಮೇಲೋಗರ. ಇನ್ನೊಂದು ತೆಗೆದೆ, ಅದೂ ಹಂಗೇ. ಕರಪ್ಟ್ ಆಗ್ಯಾವ ಅಂದ್ಕೊಂಡೆ. ಹನ್ನೊಂದು ಫೈಲ್ ಸೀನಿಯರ್ ಒಬ್ಬರಿಗೆ ವಾಟ್ಸಾಪ್ ಮಾಡಿದೆ, "ಇವು ಸರಿ ಆಗ್ತಾವೇನಣ್ಣ?" ಅಂತ. ಸಂಜೀತನಕ ಉತ್ತರ ಬರಲಿಲ್ಲ. ಗೆಳೆಯನ ಲ್ಯಾಪ್‌ಟಾಪ್‌ನ್ಯಾಗ ಜಾಗ ಇರಲಿಲ್ಲ, ಎಲ್ಲಾ ಡಿಲೀಟ್ ಮಾಡಿ ಡಿಸ್ಕ್ ತಿರುಗಿ ಅಂಗಡಿಗೆ ಕೊಟ್ಟೆ.

ಆ ಲ್ಯಾಪ್‌ಟಾಪ್‌ನ್ಯಾಗ ನುಡಿ ಇರಲಿಲ್ಲ, ಅಷ್ಟೇ. ಫೈಲ್ ಎಲ್ಲಾ ನೆಟ್ಟಗ ಇದ್ವು.

(3/4)

ಇದು ತಿಳಿಯೋದ್ರಾಗ ಎಂಟು ತಿಂಗಳು ಹೋಗಿತ್ತು. ಡಿಸ್ಕಿನ ಮ್ಯಾಲೆ ಎಷ್ಟೋ ಲಗ್ನಪತ್ರಿಕೆ ಬರೆದಾಗಿತ್ತು. ನನ್ನ ಫೋನ್‌ನ್ಯಾಗ ವಾಟ್ಸಾಪ್‌ಗೆ ಹಾಕಿದ ಹನ್ನೊಂದು ಮಾತ್ರ ಉಳಿದಿದ್ವು. ನುಡಿ ಇರೋ ಸಿಸ್ಟಮ್‌ನ್ಯಾಗ ತೆಗೆದು, ಎಲ್ಲಾ ಸೆಲೆಕ್ಟ್ ಮಾಡಿ, ಫಾಂಟ್ ಬದಲಿಸಿದೆ. ಆಯಿಯ ಪದ ಪರದೆ ಮ್ಯಾಲೆ ಬಂತು. ಕಾಕಾ ಹಿಂದ ನಿಂತಿದ್ದ. ಬೈಲಿಲ್ಲ. ಬೈದಿದ್ರ ಚೊಲೋ ಇತ್ತು.

ಇನ್ನ ಕೆಲಸದ ಮಾತಿಗೆ ಬರ್ತೀನಿ. ನಿಮ್ಮ ಮನ್ಯಾಗ ಹಳೇ ನುಡಿ ಅಥವಾ ಬರಹ ಫೈಲ್ ಇದ್ರ ಫಾಂಟ್‌ನೂ ಅದರ ಜೋಡಿ ಕಾಪಿ ಮಾಡ್ರಿ. ಆಮ್ಯಾಲೆ ನುಡಿಯೊಳಗಿನ ಕನ್ವರ್ಟರ್‌ನಿಂದ ಯೂನಿಕೋಡ್‌ಗೆ ತಿರುಗಿಸಿ ಇನ್ನೊಂದು ಪ್ರತಿ ಇಡ್ರಿ. ಅರ್ಕಾವೊತ್ತು ಅಲ್ಲಲ್ಲಿ ಕೆಡ್ತದ, ಒಂದ್ಸಲ ಓದಿ ತಿದ್ದಬೇಕು. ಸಿ ಯಿಂದ ಡಿ ಗೆ ಕಾಪಿ ಮಾಡಿದ್ರ ಅದು ಬ್ಯಾಕಪ್ ಅಲ್ಲ, ಎರಡೂ ಒಂದೇ ಡಿಸ್ಕಿನ ಎರಡು ಖೋಲಿ. ಬ್ಯಾಕಪ್ ಬ್ಯಾರೆ ಡಿಸ್ಕಿಗೆ ಹೋಗಬೇಕು. ಕಾಕಾ ಈಗ ಪ್ರತಿ ಅಮಾವಾಸ್ಯೆಗೆ ಅಂಗಡಿ ಪೂಜಾ ಆದ ಮ್ಯಾಲೆ ಎಕ್ಸ್‌ಟರ್ನಲ್ ಡಿಸ್ಕ್ ತೆಗೀತಾನ. ಲ್ಯಾಪ್‌ಟಾಪ್ ಇರೋರು ನೀವು ಇಷ್ಟು ಕರೆಕ್ಟ್ ಇದ್ದೀರೇನು, ಖರೇ ಹೇಳ್ರಿ.

ಡಿಸ್ಕಿನಿಂದ ಟಕ್ ಟಕ್ ಸಪ್ಪಳ ಬಂತಂದ್ರ ಮೊದಲು ಡೇಟಾ ಹೊರಗ ತೆಗೀರಿ, ಚೆಕ್‌ಡಿಸ್ಕ್ ಓಡಿಸಬ್ಯಾಡ್ರಿ. ಸಾಯೋ ಡಿಸ್ಕಿಗೆ ಅದು ಇನ್ನಷ್ಟು ಭಾರ. ಡಿಸ್ಕ್ ಗಟ್ಟಿ ಇದ್ದು, ಕರೆಂಟ್ ಹೋಗಿ ಬಂದ ಮ್ಯಾಲೆ ತಾನಾಗೇ ಚೆಕ್‌ಡಿಸ್ಕ್ ಶುರು ಆದ್ರ ಗುಂಡಿ ಒತ್ತಿ ತಪ್ಪಿಸಬ್ಯಾಡ್ರಿ, ಮುಗಿಯೋತನಕ ಚಾ ಕುಡೀರಿ.

ನಮ್ಮ ಕಡೆ ಬ್ಯಾಸಗಿ ಗೊತ್ತಲ್ಲ. ಬಿಸಿಲು 40 ಡಿಗ್ರಿ ದಾಟ್ತದ, ಮ್ಯಾಲೆ ಎರಿ ಹೊಲದ ಧೂಳ. ಪ್ರೊಸೆಸರ್ ಫ್ಯಾನ್ ಕೆಳಗ ಧೂಳ ಕಂಬಳಿ ಆಗಿ ಕೂತಿರ್ತದ. ಮಧ್ಯಾಹ್ನ ತಾನಾಗೇ ಬಂದ್ ಆಗೋ ಸಿಸ್ಟಮ್‌ಗೆ ಬಹಳ ಸಲ ಇದೇ ರೋಗ, ವೈರಸ್ ಅಲ್ಲ. ಪ್ಲಗ್ ತೆಗೆದು, ಮೆತ್ತನ ಬ್ರಷ್‌ನಿಂದ ತೆಗೀರಿ. ಫ್ಯಾನ್ ರೆಕ್ಕಿ ಬೆರಳಿಂದ ಹಿಡೀರಿ, ಬ್ಲೋವರ್ ಗಾಳಿಗೆ ಜೋರು ತಿರುಗಿದ್ರ ಕೆಡ್ತದ. ಪರದೆ ಬರದೆ ಬೀಪ್ ಬೀಪ್ ಅಂದ್ರ ರ‍್ಯಾಮ್ ತೆಗೆದು ಅದರ ಬಂಗಾರದ ಬಣ್ಣದ ಅಂಚನ್ನ ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಕ ತಿಕ್ಕಿ, ಪುಡಿ ಝಾಡಿಸಿ ಹಾಕ್ರಿ.

ಇಂಡಿಯ ಗೆಳೆಯನ ಮನ್ಯಾಗ ಯಾವ ವೆಬ್‌ಸೈಟ್ ತೆಗೆದ್ರೂ ಸುರಕ್ಷಿತ ಅಲ್ಲ ಅಂತ ಬರ್ತಿತ್ತು. ಅವರಪ್ಪ ಹೊಸ ಸಿಸ್ಟಮ್ ತರಾಕ ವಿಜಯಪುರಕ್ಕ ಹೊಂಟಿದ್ರು. ನೋಡಿದ್ರ ತಾರೀಖು ಹಿಂದಿನ ಯಾವುದೋ ವರ್ಷದ್ದು. ಮದರ್‌ಬೋರ್ಡಿನ ನಾಣ್ಯದಂಥ ಸೆಲ್ ಸತ್ತಿತ್ತು. ಸಿಆರ್ 2032 ಅಂತ ಕೇಳಿದ್ರ ಗಡಿಯಾರದ ಅಂಗಡ್ಯಾಗೂ ಸಿಗ್ತದ. ಹಾಕಿ ತಾರೀಖು ಸರಿ ಮಾಡಿದ್ವಿ, ಮುಗೀತು.

ಪೆನ್‌ಡ್ರೈವ್‌ನ್ಯಾಗ ಫೋಲ್ಡರ್ ಎಲ್ಲಾ ಶಾರ್ಟ್‌ಕಟ್ ಆಗಿದ್ರ ಅದನ್ನ ಒತ್ತಬ್ಯಾಡ್ರಿ, ವೈರಸ್ ಓಡೋದೇ ಅದರಿಂದ. ಹೆಚ್ಚಿನ ಸಲ ಒಳಗಿನ ಫೈಲ್ ಹೋಗಿರಲ್ಲ, ಮುಚ್ಚಿಟ್ಟಿರ್ತಾವ. ಫೋಲ್ಡರ್ ಆಪ್ಷನ್ಸ್‌ನ್ಯಾಗ ಹಿಡನ್ ಫೈಲ್ ತೋರಿಸು ಅಂತ ಹಾಕಿ, ಸಿಸ್ಟಮ್ ಫೈಲ್ ಮುಚ್ಚೋ ಟಿಕ್ ತೆಗೆದ್ರ ಕಾಣ್ತಾವ. ಕಾಪಿ ಮಾಡ್ಕೊಂಡು ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡ್ರಿ. ಈ ಫಾರ್ಮ್ಯಾಟ್‌ಗೆ ನನ್ನ ಒಪ್ಪಿಗಿ ಅದ.

(4/4)

ಈಗ ಆ ಪ್ರಶ್ನೆ: ಇಡಬೇಕೋ, ಬಿಡಬೇಕೋ?

ವಿಂಡೋಸ್ 7ಕ್ಕ ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕ ಸಪೋರ್ಟ್ ನಿಲ್ಲಿಸ್ತು. ಅದರ ಮ್ಯಾಲೆ ಓಡೋ ಕೊನೇ ಕ್ರೋಮ್ 109, ಅದೂ 2023ಕ್ಕ ನಿಂತ್ಹೋತು. ಹಂಗಾಗಿ ಕಾಕಾನ ಸಿಸ್ಟಮ್‌ಗೆ ನಾವು ನೆಟ್ ವೈರ್ ಕಿತ್ತೇ ಬಿಟ್ವಿ. ಅದು ಬರೇ ಡಿಟಿಪಿಗೆ. ಎಸ್‌ಎಸ್‌ಪಿ ಸ್ಕಾಲರ್‌ಶಿಪ್ ಅರ್ಜಿ, ಪಹಣಿ, ಆಧಾರ್ ಹಾಕೋದು, ಬ್ಯಾಂಕಿಂದು, ಎಲ್ಲಾ ಬಾಜೂಕಿನ ಇನ್ನೊಂದು ಸಿಸ್ಟಮ್‌ನ್ಯಾಗ. ಗಿರಾಕಿಗಳ ಓಟಿಪಿ ಹಳೇ ಮಷಿನ್‌ನ್ಯಾಗ ಹಾಕಿಸಿದ್ರ ಹೋಗೋದು ನಮ್ಮ ರೊಕ್ಕ ಅಲ್ಲ, ಅವರದು.

ವಿಂಡೋಸ್ 10 ಇರೋರು ಬೀಗಬ್ಯಾಡ್ರಿ, ನಿಮ್ಮದೂ 2025ರ ಅಕ್ಟೋಬರ್ 14ಕ್ಕ ಮುಗೀತು. ಹೆಸರು ನೋಂದಾಯಿಸಿದ್ರ 2026ರ ಅಕ್ಟೋಬರ್ 13ರ ತನಕ ಸೆಕ್ಯುರಿಟಿ ಅಪ್‌ಡೇಟ್ ಅದ, ಸೆಟ್ಟಿಂಗ್ಸ್‌ನ ಅಪ್‌ಡೇಟ್ ಪುಟದಾಗ ನೋಡ್ರಿ. 11ಕ್ಕ ಟಿಪಿಎಂ 2.0 ಬೇಕು. ಇಂಟೆಲ್ ಆದ್ರ ಸಾಮಾನ್ಯವಾಗಿ 8ನೇ ಪೀಳಿಗಿ ಇಲ್ಲಾ ಅದರ ಮುಂದಿಂದು. ಅಷ್ಟು ಇಲ್ಲದವರು ಲಿನಕ್ಸ್ ಮಿಂಟ್ ಪೆನ್‌ಡ್ರೈವ್‌ಗೆ ಹಾಕಿ, ಇನ್‌ಸ್ಟಾಲ್ ಮಾಡದೆ ಒಂದಿನ ಓಡಿಸಿ ನೋಡ್ರಿ. ಓದೋದು, ಬರೆಯೋದು, ಯೂಟ್ಯೂಬ್‌ಗೆ ಸಾಕು. ಪೇಜ್‌ಮೇಕರ್‌ಗೆ ಅಲ್ಲ. ಮಂದ ಆಗ್ಯದ ಅಂತ ಫಾರ್ಮ್ಯಾಟ್ ಹೊಡಿಸೋಕಿಂತ ಹಳೇ ಹಾರ್ಡ್ ಡಿಸ್ಕ್ ಜಾಗಕ್ಕ ಒಂದು ಸಣ್ಣ ಎಸ್‌ಎಸ್‌ಡಿ ಹಾಕ್ರಿ. ಹಳೇ ಡಿಸ್ಕ್ ಅಳಿಸದೆ ಕಪಾಟ್‌ನ್ಯಾಗ ಇಡ್ರಿ. 2021ರಾಗ ನಾ ಇಷ್ಟು ಮಾಡಿದ್ರ ಸಾಕಿತ್ತು.

ಕೊನೇ ಫೋಟೋ ಆ ಹನ್ನೊಂದರಾಗಿನ ಒಂದು ಪದ, ಈಗ ಯೂನಿಕೋಡ್‌ನ್ಯಾಗ. ಮೂರನೇ ಸಾಲಿನ ಒಂದು ಶಬ್ದ ನಮಗ್ಯಾರಿಗೂ ತಿಳೀವಲ್ದು. ಕಾಕಾನ ಟೈಪಿಂಗ್ ತಪ್ಪೋ, ಆಯಿಯ ಕಾಲದ ಮಾತೋ ಗೊತ್ತಿಲ್ಲ. ನಿಮ್ಮ ಮನ್ಯಾಗ ಆಯಿ ಇದ್ರ ಓದಿ ಕೇಳಿಸಿ, ಕಾಮೆಂಟ್ ಮಾಡ್ರಿ.

ಈ ಭಾನುವಾರ ಇಂಡಿಗೆ, ಮುಂದಿನ ವಾರ ಬಾಗೇವಾಡಿಗೆ ಬರ್ತೀನಿ. ಹಳೇ ಡಿಸ್ಕ್ ಇದ್ರ ಮೆಸೇಜ್ ಹಾಕ್ರಿ. ಕೇಬಲ್ ಒಂದೇ ಅದ, ಮೊದಲು ಹೇಳಿದವರಿಗೆ ಮೊದಲು.

#ಸಿಂದಗಿ #ಇಂಡಿ #ಮುದ್ದೇಬಿಹಾಳ #ಬಸವನಬಾಗೇವಾಡಿ #ಹಳೇಸಿಸ್ಟಮ್ #ನುಡಿ