ಮುಟ್ಟಿದರೆ ಔಟ್ ಅಲ್ಲ

ನನ್ನ 6 ವರ್ಷದ ಮಗಳಿಗೆ ವೇಷ ಹಾಕಿ ಆಡೋ ಆಟ ಬೇಕಂತೆ. ಓಟ, ಜಿಗಿತ, ಸಾಹಸ ಎಲ್ಲಾ ಇರಬೇಕು. ಮೊಬೈಲಿನ ಗುಂಡು ಹಾರಿಸೋ ಆಟ ಬ್ಯಾಡ ಅಂದೆ. ಕಳ್ಳ-ಪೊಲೀಸೂ ಬ್ಯಾಡ. ಹಳಿಯಾಳದಲ್ಲಿ ನಮ್ಮ ಓಣಿ ದಾಟಿದರೆ ಕಳ್ಳನ ಪಾತ್ರ ಯಾವಾಗಲೂ ನಮ್ಮ ಮಕ್ಕಳಿಗೇ ಬರ್ತದ.

ಹಂಗಾಗಿ ಮಹಾಡ್ ಆಟ ಕಟ್ಟಿದ್ವಿ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಚವದಾರ್ ಕೆರೆಯ ನೀರು ಕುಡಿದ ಕತೆ. ದಿಂಬುಗಳೇ ಗುಡ್ಡ, ನೀಲಿ ಸೀರೆಯೇ ಕೆರೆ. ತಡೆಯೋರಿಂದ ತಪ್ಪಿಸಿಕೊಂಡು ಓಡಬೇಕು, ಯಾರೂ ಹೊಡೆಯಂಗಿಲ್ಲ. ಮುಟ್ಟಿದರೆ ಔಟ್ ಅಲ್ಲ. ಮುಟ್ಟಿದವರೇ ಕೈ ಹಿಡಿದು ಕೆರೆತನಕ ಜೊತೆಗೆ ಬರಬೇಕು. ಸುತ್ತು ಸುತ್ತಿಗೂ ಪಾತ್ರ ಬದಲು.

ಹುಟ್ಟಿನಿಂದಲೇ ಅಂಟಿಕೊಳ್ಳೋ ಪಾತ್ರ ಆಟದಲ್ಲಾದರೂ ಇರಬಾರದು. ನಿಮ್ಮ ಮಕ್ಕಳಿಗೂ ಆಡಿಸಿ ನೋಡ್ರಿ. ಜೈ ಭೀಮ್.