ಗ್ರಂಥಾಲಯ ಮತ್ತು ಚಿತ್ರದರ್ಶನ

ಕಾವ್ಯವನ್ನು ಶ್ರವ್ಯವೆಂದೂ ನಾಟಕವನ್ನು ದೃಶ್ಯವೆಂದೂ ಪೂರ್ವಸೂರಿಗಳು ವಿಭಾಗಿಸಿದರು. ಚಿತ್ರವಾದರೋ ಬರಿಯ ಕಣ್ಣಿನ ವಿಷಯ, ಅದಕ್ಕೆ ಅಭ್ಯಾಸವೇಕೆ ಎಂದು ಸಾಮಾನ್ಯರು ಬಗೆಯುವುದುಂಟು. ಶಾಸ್ತ್ರದ ಮಾತು ಬೇರೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ವು ಗೋಡೆಯನ್ನು ಹದಗೊಳಿಸುವ ಕ್ರಮವನ್ನೂ ಬಣ್ಣ ಕುಂಚಗಳ ವಿಧಾನವನ್ನೂ ಹೇಳಿ ಚಿತ್ರದ ಭೇದಗಳನ್ನು ನಿರೂಪಿಸುತ್ತದೆ. ಕನ್ನಡಿಯ ಪ್ರತಿಬಿಂಬದಂತೆ ವಸ್ತುವನ್ನು ಹೋಲುವುದು ವಿದ್ಧಚಿತ್ರ. ಕಲ್ಪನೆಯಿಂದ ರೇಖೆಯಾಗಿ ಮೂಡುವುದು ಅವಿದ್ಧಚಿತ್ರ. ನೋಡಿದೊಡನೆ ಶೃಂಗಾರಾದಿ ರಸಗಳನ್ನು ತೋರುವುದು ಭಾವಚಿತ್ರ. ಆಳಂದ, ಅಫಜಲಪುರ, ಜೇವರ್ಗಿಗಳ ಜನರು ಈ ವಿವೇಕವನ್ನು ದೂರದಿಂದ ಎರವಲು ತರಬೇಕಾಗಿಲ್ಲ. ಅದು ನೆರೆಯ ಕಲ್ಯಾಣದ ಅರಸನದೇ.

ಆಧುನಿಕ ಕಾಲದಲ್ಲಿ ಈ ಸೀಮೆಯ ಚಿತ್ರಕಲೆಯನ್ನು ದೇಶದ ಮುಂದಿರಿಸಿದವರು ಕಲಬುರಗಿಯ ಎಸ್. ಎಂ. ಪಂಡಿತರು (1916–1993). ಹೆಸರಿನಲ್ಲಿಯೇ ಆಳಂದವನ್ನು ಹೊತ್ತ ಶಂಕರರಾವ ಆಳಂದಕರರು ಅವರ ಮೊದಲ ಗುರುಗಳು, ಮುಂಬಯಿಯಲ್ಲಿ ಜಿ. ಎಸ್. ದಂಡಾವತಿಮಠರು ಮಾರ್ಗದರ್ಶಕರು. ಚಲನಚಿತ್ರಗಳ ಪ್ರಚಾರಫಲಕಗಳನ್ನೂ 'ಫಿಲ್ಮ್ ಇಂಡಿಯಾ' ಪತ್ರಿಕೆಯ ಮುಖಪುಟಗಳನ್ನೂ ಬರೆದ ಅದೇ ಕೈ ಪುರಾಣಕಾವ್ಯಗಳ ಪಾತ್ರಗಳನ್ನು ಕ್ಯಾಲೆಂಡರುಗಳಲ್ಲಿ ಮೂಡಿಸಿತು. ಡಿಸೆಂಬರ್ 31ಕ್ಕೆ ಕ್ಯಾಲೆಂಡರಿನ ಆಯುಷ್ಯ ಮುಗಿಯುತ್ತದೆ. ಜನರು ತಾರೀಖುಗಳ ಹಾಳೆಯನ್ನು ಕಿತ್ತು, ಚಿತ್ರವನ್ನು ಮಾತ್ರ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಇದಕ್ಕಿಂತ ದೊಡ್ಡ ಚಿತ್ರಶಾಲೆ ಯಾವ ಕಲಾವಿದನಿಗೆ ದೊರೆತೀತು? ಆದರೆ ಚಿತ್ರವು ಮನೆಮನೆಗೆ ಹೋಯಿತು, ಚಿತ್ರಕಾರನ ಹೆಸರು ಹೋಗಲಿಲ್ಲ.

ಇಂಥ ಕಲೆಯನ್ನು 'ಕ್ಯಾಲೆಂಡರ್ ಚಿತ್ರ'ವೆಂದು ಹಗುರವಾಗಿ ಕಂಡ ವಿಮರ್ಶಕರುಂಟು. ನವ್ಯದ ಹಾದಿ ಬೇರೆಯದೆಂಬುದು ನಿಜ. ಉಡುಪಿ ಸೀಮೆಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು (1911–1996) ಕುಣಿಯುವ ದೇಹವನ್ನು ಕೆಲವೇ ರೇಖೆಗಳಲ್ಲಿ ಹಿಡಿದರು. ಲಯವನ್ನು ಅರಿಯುವುದಕ್ಕಾಗಿ ಸ್ವತಃ ಕಥಕ್ ನೃತ್ಯವನ್ನೂ ಅಭ್ಯಸಿಸಿದರು. ನೃತ್ಯಶಾಸ್ತ್ರವನ್ನು ಅರಿಯದವನಿಗೆ ಚಿತ್ರಸೂತ್ರವು ತಿಳಿಯದೆಂಬ ವಿಷ್ಣುಧರ್ಮೋತ್ತರದ ಅಭಿಪ್ರಾಯಕ್ಕೆ ಅವರ ಬಾಳೇ ಭಾಷ್ಯವಾಯಿತು. ಪಂಡಿತರದು ವಿದ್ಧದ ಮಾರ್ಗವಾದರೆ ಹೆಬ್ಬಾರರದು ಅವಿದ್ಧದ ಕಡೆಗಿನ ನಡೆ. ಒಂದನ್ನು ಹೊಗಳಲು ಇನ್ನೊಂದನ್ನು ಹಳಿಯಬೇಕಿಲ್ಲ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವ ಅವಕಾಶವಿದ್ದರೆ ವಿದ್ಯಾರ್ಥಿಯು ಭೇದವನ್ನು ತಾನೇ ಅರಿಯುವನು.

ಆ ಅವಕಾಶಕ್ಕೆ ತಾಲೂಕಿನ ಸಾರ್ವಜನಿಕ ಗ್ರಂಥಾಲಯಕ್ಕಿಂತ ತಕ್ಕ ಸ್ಥಳವಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದಿಂದ ಈ ನಾಡಿನಲ್ಲಿ ಗ್ರಂಥಾಲಯವು ಜನರ ಕರದಿಂದ ನಡೆಯುವ ಜನರದೇ ಸಂಸ್ಥೆಯಾಯಿತು. ಮಹಾನಗರದ ಕಲಾಶಾಲೆಗೆ ಹಳ್ಳಿಯ ಹುಡುಗ ಹೋಗಲಾರ. ದಿನಪತ್ರಿಕೆ ಓದಲು ಇಲ್ಲಿಗೆ ಬರಬಲ್ಲ. ಗ್ರಂಥಾಲಯದ ಗುಣವೆಂದರೆ ಕರ್ತೃವಿನ ಹೆಸರಿಲ್ಲದೆ ಪುಸ್ತಕವನ್ನು ಅದು ದಾಖಲಿಸಿಕೊಳ್ಳುವುದು ಅಪರೂಪ. ಅದೇ ಕ್ರಮವು ಚಿತ್ರಕ್ಕೂ ಸಲ್ಲಲಿ. ಮೂಲಕೃತಿ ದೊರೆಯದಿದ್ದರೆ ಒಳ್ಳೆಯ ಪ್ರತಿ ಸಾಕು. ಬಿಸಿಲು ತಾಗದ ಗೋಡೆ ಬೇಕು, ಕೆಳಗೆ ಕಲಾವಿದರ ಹೆಸರು, ಊರು, ಕಾಲ ಬೇಕು.

ಕಲಬುರಗಿಯ ರಂಗಮಂದಿರವು ಪಂಡಿತರ ಹೆಸರನ್ನು ಹೊತ್ತಿರುವುದು ಅಭಿಮಾನದ ಸಂಗತಿ. ಆದರೆ ಕಟ್ಟಡದ ಮೇಲಿನ ಹೆಸರನ್ನು ಓದಿದ ಮಗುವಿಗೆ ಅವರ ಒಂದು ಚಿತ್ರವಾದರೂ ನೆನಪಿಗೆ ಬರಬೇಕು. ಮನೆಯ ಹಳೆಯ ಚಿತ್ರವನ್ನು ಕಂಡಾಗ ಆ ಹೆಸರು ನೆನಪಿಗೆ ಬರಬೇಕು. ನಮ್ಮ ಜಿಲ್ಲೆಯವರೇ ಇದನ್ನು ಬರೆದರೆಂದು ತಿಳಿದ ದಿನ, ಕೈಯಲ್ಲಿ ಬಣ್ಣ ಹಿಡಿದ ವಿದ್ಯಾರ್ಥಿಗೆ ತನ್ನ ಊರು ಅಡ್ಡಿಯೆಂದು ತೋರಲಾರದು.