ತಳಿವಿಜ್ಞಾನ ಕಲಿಸುವ ಕೇಡಿನ ಕತೆಗಳು

ನಾಳೆ ಕೆಟ್ಟರೆ ಹೇಗೆಲ್ಲ ಕೆಟ್ಟೀತು ಎಂದು ಊಹಿಸುವ ಕತೆಗಳಿಗೆ ಡಿಸ್ಟೋಪಿಯಾ ಎಂದು ಹೆಸರು. ತಳಿವಿಜ್ಞಾನದ ಸರಿ-ತಪ್ಪುಗಳನ್ನು ಹೈಸ್ಕೂಲು ಮಕ್ಕಳೊಂದಿಗೆ ಚರ್ಚಿಸಲು ಇಷ್ಟು ಒದಗಿಬರುವ ಸಾಹಿತ್ಯ ಬೇರೊಂದಿಲ್ಲ. ಮೊದಲು ಲೆಕ್ಕ, ಆಮೇಲೆ ಕತೆ.

ಲೆಕ್ಕಕ್ಕೆ ಗೋಕರ್ಣದ ಓಂ ಬೀಚಿನ ಹಸಿ ಮರಳು ಸಾಕು. ಕಡ್ಡಿಯಿಂದ ನಾಲ್ಕು ಮನೆಯ ಚೌಕ ಗೀಚಿ, ಮೇಲೆ ತಾಯಿಯ ಎರಡು ಜೀನ್, ಪಕ್ಕದಲ್ಲಿ ತಂದೆಯ ಎರಡು ಜೀನ್ ಬರೆದರೆ ಮೆಂಡೆಲನ ಪಾಠ ಶುರು. ಅಪ್ಪ, ಅಮ್ಮ ಇಬ್ಬರೂ ಸಿಕಲ್ ಸೆಲ್ ರಕ್ತಹೀನತೆಯ ವಾಹಕರಾದರೆ ಒಂದು ಮನೆಯಲ್ಲಿ ಕಾಯಿಲೆ, ಎರಡರಲ್ಲಿ ವಾಹಕರು, ಇನ್ನೊಂದು ಪೂರ್ತಿ ಮುಕ್ತ. ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ ಕಾಯಿಲೆ ಖಾತ್ರಿ ಎಂದು ಹುಡುಗರು ತಟ್ಟನೆ ಹೇಳಿಬಿಡುತ್ತಾರೆ. ಹಾಗಲ್ಲ, ಪ್ರತಿ ಬಸಿರಿನಲ್ಲೂ ಶೇ 25ರ ಸಾಧ್ಯತೆ ಹೊಸದಾಗಿ ಎದುರಾಗುತ್ತದೆ. 2023ರಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ಅಭಿಯಾನದಲ್ಲಿ ತಪಾಸಣೆಯ ಫಲಿತಾಂಶ ಕಾರ್ಡಿನಲ್ಲಿ ಬರುತ್ತದೆ. ಮದುವೆಗೆ ಮುಂಚೆ ನೋಡಿಕೊಂಡರೆ ಉಪಕಾರವೇ. ಅದೇ ಕಾರ್ಡು ಕೆಲಸ ಕೊಡುವವನ ಕೈಗೆ ಸಿಕ್ಕರೆ?

1997ರ ‘ಗಟಾಕಾ’ ಸಿನಿಮಾ ಕೇಳುವುದು ಇದನ್ನೇ. ಆಗಷ್ಟೇ ಹುಟ್ಟಿದ ಮಗುವಿನ ರಕ್ತದ ಹನಿ ನೋಡಿ ಹೃದ್ರೋಗದ ಸಂಭವ ಶೇ 99, ಆಯುಸ್ಸು 30.2 ವರ್ಷ ಎಂದು ಓದಿಹೇಳುತ್ತಾರೆ. ಸಾಧ್ಯತೆಯನ್ನೇ ಹಣೆಬರಹವೆಂದು ನಂಬಿದ ಸಮಾಜ ಅದು.

ಆಲ್ಡಸ್ ಹಕ್ಸ್‌ಲಿಯ ‘ಬ್ರೇವ್ ನ್ಯೂ ವರ್ಲ್ಡ್’ ನಿಧಾನವಾಗಿ ಓದಬೇಕಾದ ಕೃತಿ. ಅದು ಬಂದದ್ದು 1932ರಲ್ಲಿ. ಡಿಎನ್‌ಎ ರಚನೆ ಬೆಳಕಿಗೆ ಬಂದದ್ದು 1953ರಲ್ಲಿ. ಕಾದಂಬರಿಯಲ್ಲಿ ಒಂದೇ ಅಂಡದಿಂದ 96 ತದ್ರೂಪಿಗಳು ಬಾಟಲಿಗಳಲ್ಲಿ ಬೆಳೆಯುತ್ತಾರೆ. ಕೆಳವರ್ಗದ ಭ್ರೂಣಗಳಿಗೆ ಆಮ್ಲಜನಕ ಕಡಿಮೆ ಮಾಡಿ ಬುದ್ಧಿ ಕುಂಠಿತಗೊಳಿಸುತ್ತಾರೆ. ಅಂದರೆ ಕೇಡು ಜೀನಿನಲ್ಲಿಲ್ಲ, ಉಸಿರು ಕಸಿದ ಕೈಯಲ್ಲಿದೆ. ಇದು ಹೊಳೆದ ತರಗತಿಯಲ್ಲಿ ಮಾತು ತಾನಾಗಿಯೇ ಹೊಟ್ಟೆತುಂಬ ಉಣ್ಣದ ಬಸುರಿಯ ಕಡೆಗೆ, ಅವಳ ಕೂಸಿನ ಕಡೆಗೆ ಹೊರಳುತ್ತದೆ. ಪಠ್ಯಪುಸ್ತಕದಿಂದ ಇಷ್ಟು ದೂರ ಬರುವುದು ಕಷ್ಟ.

ಇನ್ನು ಮಕ್ಕಳೇ ಕತೆ ಬರೆಯುವ ಸರದಿ. ಓಂ ಬೀಚಿನ ದಕ್ಷಿಣಕ್ಕೆ ಅಘನಾಶಿನಿ ನದಿ ಕಡಲು ಸೇರುತ್ತದೆ. ಅದರ ದಂಡೆಯ ಗಜನಿ ಎಂಬ ಉಪ್ಪುನೀರಿನ ಗದ್ದೆಗಳಲ್ಲಿ, ಕುಮಟೆಯ ಮಾಣಿಕಟ್ಟಾದಂಥ ಊರುಗಳಲ್ಲಿ, ಉಪ್ಪುನೀರು ನುಗ್ಗಿದರೂ ಕೊಳೆಯದೆ ನಿಲ್ಲುವ ಕಗ್ಗ ಭತ್ತವಿದೆ. ರೈತರು ತಲೆಮಾರುಗಳಿಂದ ಆರಿಸಿ ಉಳಿಸಿಕೊಂಡ ಬೀಜ. ಕಡಲು ಏರಿದ ಕಾಲದಲ್ಲಿ ಈ ಗುಣಕ್ಕೆ ಒಡೆಯರು ಯಾರು? 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಬೀಜವನ್ನು ಎತ್ತಿಡುವ, ಬಿತ್ತುವ, ಹಂಚುವ ಹಕ್ಕನ್ನು ರೈತನಿಗೆ ಕೊಟ್ಟಿದೆ; ಬ್ರ್ಯಾಂಡ್ ಹೆಸರಿಟ್ಟು ಮಾರುವುದಕ್ಕೆ ಮಾತ್ರ ಅವಕಾಶವಿಲ್ಲ. ಆ ಹಕ್ಕು ಅಳಿದುಹೋದ ಗಜನಿಯನ್ನು ಊಹಿಸಿ ಬರೆಯಿರಿ ಎಂದರೆ, ಕುಮಟೆಯ ಮಕ್ಕಳಿಗೆ ಬೇರೆ ಗ್ರಹ ಬೇಕಾಗುವುದಿಲ್ಲ.